ನಮ್ಮ ಕೈಗೆಟಕುವ ಕಡಲಯಾನ



ಭತ್ತದ ಕೊಯ್ಲು ಮುಗಿದು, ಒಕ್ಕಣೆಯಾಗಿ, ಮೂಟೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಹದಿನಾರು ಗ್ರಾಮದಿಂದ ಹಿಡಿದು ತಿ. ನರಸೀಪುರದವರೆಗೆ ನಮ್ಮ ಊರುಗಳಲ್ಲೆಲ್ಲ ಟೂರಿನ ಮಾತು ಶುರುವಾಗುತ್ತದೆ. ಸುತ್ತೂರು ಜಾತ್ರೆ ಮುಗಿಯಲಿ ಎನ್ನುವವರು ಕೆಲವರು, ಮುಡುಕುತೊರೆ ತೇರು ನೋಡಿಕೊಂಡೇ ಹೊರಡೋಣ ಎನ್ನುವವರು ಇನ್ನು ಕೆಲವರು. ಬೀದಿಯ ನಾಲ್ಕಾರು ಮನೆಯವರು ಸೇರಿ ಟೆಂಪೊ ಟ್ರಾವೆಲರ್ ಗೊತ್ತು ಮಾಡುತ್ತಾರೆ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ. ಇನ್ನೂ ದೂರ ಹೋಗುವವರು ತಿರುಪತಿ, ರಾಮೇಶ್ವರ, ಕನ್ಯಾಕುಮಾರಿ. ಸಂಘದಲ್ಲಿ ಚೀಟಿ ಕಟ್ಟಿ ಕಾಶಿಗೆ ಹೋಗಿ ಬಂದ ಹೆಣ್ಣುಮಕ್ಕಳೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಈ ಪಟ್ಟಿಯಲ್ಲಿ ಹಡಗಿನ ಹೆಸರು ಮಾತ್ರ ಬರುವುದಿಲ್ಲ. ಹಡಗು, ಕ್ರೂಸು ಎಂದರೆ ಸಿನಿಮಾದವರಿಗೆ, ಕೋಟ್ಯಧಿಪತಿಗಳಿಗೆ ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಟಿವಿಯಲ್ಲಿ ತೋರಿಸುವುದೂ ಅಂಥವನ್ನೇ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್ ಹಡಗನ್ನು ಎಲ್ಲರೂ ನೋಡಿದೆವು. 51 ದಿನ, 3,200 ಕಿಲೋಮೀಟರ್. ಅದರ ಟಿಕೆಟ್ಟಿನ ಬೆಲೆ ಕೇಳಿ ಬಾಯಿಯ ಮೇಲೆ ಕೈಯಿಟ್ಟೆವು. ಆದರೆ ನೀರಿನ ಮೇಲಿನ ಪ್ರಯಾಣವೆಂದರೆ ಅದೊಂದೇ ಅಲ್ಲ. ಇಪ್ಪತ್ತು ರೂಪಾಯಿಯ ಟಿಕೆಟ್ಟಿನಿಂದ ಶುರುವಾಗಿ, ಒಂದು ಸಾಧಾರಣ ಸಂಸಾರ ವರ್ಷವಿಡೀ ಕೂಡಿಟ್ಟರೆ ಮುಟ್ಟಬಹುದಾದ ಮಟ್ಟದವರೆಗೆ ಹಲವು ದಾರಿಗಳಿವೆ. ಆ ದಾರಿಗಳು ಯಾವುವು, ಮೋಸಹೋಗದಂತೆ ಹಡಗಿನ ಲೆಕ್ಕ ಹಾಕುವುದು ಹೇಗೆ ಎಂದು ಹೇಳಬೇಕೆಂದೇ ನಾನು ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ನಮಗೂ ಕಡಲಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಹಳೆಯದೇ. ಹದಿನಾರಿನ ಐತಿಹ್ಯ ನಿಮಗೆ ಗೊತ್ತು. ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಕಡಲಂಚಿನ ದ್ವಾರಕೆಯಿಂದ ಬಂದು, 1399ರಲ್ಲಿ ಇಲ್ಲಿ ಮೈಸೂರು ಅರಸು ಮನೆತನಕ್ಕೆ ಬುನಾದಿ ಹಾಕಿದರು ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅದು ಐತಿಹ್ಯವಾಯಿತು, ಚರಿತ್ರೆಗೆ ಬನ್ನಿ. ಲಕ್ಷದ್ವೀಪದ ಉತ್ತರ ಭಾಗದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳಿವೆ. ಅಮಿನಿಯ ಜನ ಕಣ್ಣೂರಿನ ಅರಕ್ಕಲ್ ಬೀಬಿಯ ಆಳ್ವಿಕೆಯಿಂದ ಬೇಸತ್ತು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಹಾಗೆ ಈ ದ್ವೀಪಗಳು ಶ್ರೀರಂಗಪಟ್ಟಣದ ಆಳ್ವಿಕೆಗೆ ಸೇರಿದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಸರ್ಕಾರ ಅವನ್ನು ವಶಪಡಿಸಿಕೊಂಡು ಮಂಗಳೂರಿನಿಂದ ಆಡಳಿತ ನಡೆಸಿತು. ಅಲ್ಲಿನ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. 1956ರ ನವೆಂಬರ್ 1ರಂದು, ಅಂದರೆ ನಮ್ಮ ಕನ್ನಡ ನಾಡು ಒಂದಾದ ದಿನವೇ, ಆ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಜಿಲ್ಲೆಯೊಂದರ ಭಾಗವಾಗಿದ್ದ ದ್ವೀಪಗಳನ್ನು ನೋಡಿದ ಕನ್ನಡಿಗರು ಎಷ್ಟು ಮಂದಿ?

ಇನ್ನು ರಸ್ತೆಯ ಮಾತು. ತಿ. ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದುಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ ನಮಗೆಲ್ಲ ದಿನನಿತ್ಯದ ದಾರಿ. ಕಬ್ಬಿನ ಲಾರಿ, ಬಾಳೆಯ ಲಾರಿ ಓಡಾಡುವ ಈ ರಸ್ತೆ ಬಂಡೀಪುರದ ಕಾಡು ದಾಟಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟಗಳನ್ನು ಹಾದು, ನಮ್ಮ ಕಪಿಲೆ ಹುಟ್ಟುವ ವಯನಾಡಿನ ಬೆಟ್ಟದಿಂದ ಇಳಿದು, ಕಡಲ ತೀರದ ಕಲ್ಲಿಕೋಟೆಯಲ್ಲಿ ಕೊನೆಯಾಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಕೊಚ್ಚಿ. ಮೈಸೂರಿನಿಂದ ಕೊಚ್ಚಿಗೆ ಸೇರಿದ ಎರ್ನಾಕುಲಂಗೆ ಬಸ್ಸಿದೆ. ಬೆಂಗಳೂರು, ಸೇಲಂ, ಪಾಲಕ್ಕಾಡಿನ ಮೇಲೆ ಹೋಗುವ ರೈಲೂ ಇದೆ. ನಮ್ಮ ಸೀಮೆಯವರಿಗೆ ನೀರಿನ ಪ್ರಯಾಣದ ಹೆಬ್ಬಾಗಿಲು ಕೊಚ್ಚಿ. ಮುಂಬೈಯಾಗಲಿ ಸಿಂಗಪುರವಾಗಲಿ ಆಮೇಲಿನ ಮಾತು.

ಕೊಚ್ಚಿಯಲ್ಲಿ ಇಳಿದವರು ಮೊದಲು ಹತ್ತಬೇಕಾದದ್ದು ವಾಟರ್ ಮೆಟ್ರೊ. 2023ರ ಏಪ್ರಿಲ್ 25ರಂದು ಆರಂಭವಾದ ಈ ಸೇವೆಯಲ್ಲಿ ವಿದ್ಯುತ್ ಬ್ಯಾಟರಿಯಿಂದ ಓಡುವ, ತಂಪು ಗಾಳಿಯ ದೋಣಿಗಳಿವೆ. ಶುರುವಾದಾಗ ಕನಿಷ್ಠ ಟಿಕೆಟ್ 20 ರೂಪಾಯಿ, ಗರಿಷ್ಠ 40. ದಕ್ಕೆಯ ಮಟ್ಟಕ್ಕೇ ದೋಣಿಯ ಅಂಚು ನಿಲ್ಲುವುದರಿಂದ ಮಂಡಿ ನೋವಿನವರೂ ಸಲೀಸಾಗಿ ಹತ್ತಬಹುದು. ಅಜ್ಜಿಯನ್ನೋ ಮೊಮ್ಮಗುವನ್ನೋ ಕರೆದುಕೊಂಡು ಹೋದವರಿಗೆ ನೀರಿನ ಹೆದರಿಕೆ ಬಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಾಣೆ.

ಅಲ್ಲಿಂದ ಮುಂದಕ್ಕೆ ಆಲಪ್ಪುಳ. ಅಲ್ಲಿನ ಹೌಸ್‌ಬೋಟ್ ನೀವೆಲ್ಲ ಕೇಳಿದ್ದೀರಿ. ಹಿಂದೆ ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಂ ದೋಣಿಗಳ ರೂಪವನ್ನೇ ಇಟ್ಟುಕೊಂಡು ಇವತ್ತಿನ ಹೌಸ್‌ಬೋಟ್ ಕಟ್ಟುತ್ತಾರೆ. ಒಂದು ರಾತ್ರಿಗೆ ಸಾವಿರಾರು ರೂಪಾಯಿ, ರಜೆಯ ದಿನಗಳಲ್ಲಿ ಇನ್ನೂ ಜಾಸ್ತಿ. ಆದರೆ ಅದೇ ನೀರಿನ ಮೇಲೆ, ಅದೇ ತೆಂಗಿನ ಸಾಲುಗಳ ನಡುವೆ ಕೇರಳ ಸರ್ಕಾರದ ಜಲಸಾರಿಗೆ ಇಲಾಖೆಯ ಬೋಟುಗಳೂ ಓಡಾಡುತ್ತವೆ. ನಮ್ಮ ಸಾರಿಗೆ ಬಸ್ಸಿನ ಹಾಗೆ ಕಂಡಕ್ಟರ್ ಬಂದು ಟಿಕೆಟ್ ಕೊಡುತ್ತಾರೆ. ಆಲಪ್ಪುಳ ಬಸ್ ನಿಲ್ದಾಣದ ಹತ್ತಿರದ ಜೆಟ್ಟಿಯಿಂದ ಕೊಟ್ಟಾಯಂಗೆ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ನೂರು ರೂಪಾಯಿಗಿಂತ ಕಡಿಮೆ. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಸೊಸೈಟಿಯಿಂದ ಅಕ್ಕಿ ತರುವವರು ಎಲ್ಲರೂ ಅದೇ ಬೋಟಿನಲ್ಲಿ.

ಭತ್ತ ಬೆಳೆಯುವ ನಮ್ಮವರು ಈ ಪ್ರಯಾಣವನ್ನು ಖಂಡಿತ ಮಾಡಬೇಕು ಎಂದು ಒತ್ತಿ ಹೇಳುತ್ತೇನೆ. ಬೋಟು ಹಾದುಹೋಗುವ ಕುಟ್ಟನಾಡಿನಲ್ಲಿ ಗದ್ದೆಗಳು ಸಮುದ್ರದ ಮಟ್ಟಕ್ಕಿಂತ ಕೆಳಗಿವೆ. ಕೆಲವು ಕಡೆ ಎರಡು ಮೀಟರಿಗೂ ಹೆಚ್ಚು ಕೆಳಗೆ. ಬೋಟಿನಲ್ಲಿ ಕುಳಿತರೆ ನೀರು ಮೇಲೆ, ಗದ್ದೆ ಕೆಳಗೆ ಕಾಣುತ್ತದೆ. ಕೆಸರು ಮಣ್ಣಿನ ಬದು ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಹೊರಹಾಕಿ ನಾಟಿ ಮಾಡುತ್ತಾರೆ. ಪೆಟ್ಟಿ ಪರ ಎಂಬ ಅಲ್ಲಿನದೇ ಆದ ಪಂಪನ್ನು ಅದಕ್ಕಾಗಿ ಬಳಸುತ್ತಾರೆ. ನಮಗೆ ಕಬಿನಿ ನಾಲೆಯಲ್ಲಿ ನೀರು ಯಾವಾಗ ಬಿಡುತ್ತಾರೆ ಎಂಬ ಚಿಂತೆ. ಅವರಿಗೆ ನೀರನ್ನು ಯಾವಾಗ ಹೊರಹಾಕುತ್ತೇವೆ ಎಂಬ ಚಿಂತೆ. ಬೇಸಗೆಯಲ್ಲಿ ಸಮುದ್ರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಣ್ಣೀರ್‌ಮುಕ್ಕಂ ಎಂಬಲ್ಲಿ ಅಡ್ಡಗಟ್ಟೆಯ ಬಾಗಿಲು ಮುಚ್ಚುತ್ತಾರೆ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಗದ್ದೆಯ ಕೆಲಸ ಬಲ್ಲವರ ಕಣ್ಣಿಗೆ ಇಲ್ಲಿ ಕಾಣುವಷ್ಟು, ಲಕ್ಷ ರೂಪಾಯಿ ಕೊಟ್ಟು ಬಂದ ಪ್ರವಾಸಿಗೆ ಕಾಣಲಾರದು.

ಕಡಲಿಗೇ ಇಳಿಯಬೇಕು, ಆದರೆ ರಾತ್ರಿ ಉಳಿಯುವಷ್ಟು ಹಣವಿಲ್ಲ ಎನ್ನುವವರಿಗೆ ಕೊಚ್ಚಿಯಲ್ಲೇ ಇನ್ನೊಂದು ದಾರಿಯಿದೆ. ಕೇರಳ ಸರ್ಕಾರದ ಶಿಪ್ಪಿಂಗ್ ಮತ್ತು ಒಳನಾಡು ಜಲಸಾರಿಗೆ ನಿಗಮದವರು ಸಾಗರರಾಣಿ, ನೆಫರ್ಟಿಟಿ ಎಂಬ ಹಡಗುಗಳನ್ನು ನಡೆಸುತ್ತಾರೆ. ನೆಫರ್ಟಿಟಿಯಲ್ಲಿ 200 ಜನ ಹೋಗಬಹುದು. ಬಂದರಿನ ಬಾಯಿ ದಾಟಿ, ದಡ ಸಣ್ಣದಾಗುವವರೆಗೆ ಅರಬ್ಬಿ ಸಮುದ್ರದಲ್ಲಿ ಕೆಲವು ಗಂಟೆ ಸುತ್ತಾಡಿಸಿ, ಊಟ ಹಾಕಿ ವಾಪಸು ಕರೆತರುತ್ತಾರೆ. ಹೊರಡುವ ದಿನಗಳು ಬದಲಾಗುತ್ತಿರುತ್ತವೆ; ನಿಗಮದ ವೆಬ್‌ಸೈಟ್ ನೋಡಿ, ಫೋನು ಮಾಡಿ, ದಿನ ಖಚಿತ ಮಾಡಿಕೊಂಡೇ ಊರು ಬಿಡಬೇಕು.

ಈಗ ಲಕ್ಷದ್ವೀಪಕ್ಕೆ ಬರುತ್ತೇನೆ. ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಪ್ರಯಾಣ ಇದು. ನಮ್ಮ ಬೀದಿಯಲ್ಲಿ ಒಬ್ಬ ದೊಡ್ಡವ್ವ ಇದ್ದಾರೆ. ಜೀವಮಾನವೆಲ್ಲ ಮೊಣಕಾಲುದ್ದ ನೀರಿನಲ್ಲಿ ನಿಂತು ನಾಟಿ ಹಾಕಿದ ಜೀವ. ಒಂದು ದಿನ ಅವರು ಹೇಳಿದ ಮಾತು ಇದು: "ಮೇಲೆ ಬಾನು, ಕೆಳಗೆ ನೀರು, ಇನ್ನೇನೂ ಕಾಣ್ಬಾರ್ದು ಕಣಪ್ಪ. ಅಂಥಾ ಜಾಗದಲ್ಲಿ ಒಂದ್ ರಾತ್ರಿ ಮಲ್ಗಿ ಏಳ್ಬೇಕು." ಈ ಆಸೆ ನಮ್ಮ ಎಷ್ಟೋ ತಾಯಂದಿರಿಗಿದೆ. ಬಾಯಿ ಬಿಟ್ಟು ಹೇಳುವವರು ಕಡಿಮೆ. ಅಂಥವರನ್ನು ನೆನೆದುಕೊಂಡೇ ಮುಂದಿನ ವಿವರಗಳನ್ನು ಹೇಳುತ್ತೇನೆ.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಎಂ.ವಿ. ಕವರತ್ತಿ, ಎಂ.ವಿ. ಲಗೂನ್ಸ್, ಎಂ.ವಿ. ಕೋರಲ್ಸ್ ಮೊದಲಾದ ಸರ್ಕಾರಿ ಹಡಗುಗಳು ಓಡುತ್ತವೆ. ಇವು ಮುಖ್ಯವಾಗಿ ದ್ವೀಪದ ಜನರ ಓಡಾಟಕ್ಕೆ ಇರುವಂಥವು. ಎಲ್ಲಕ್ಕಿಂತ ದೊಡ್ಡದಾದ ಕವರತ್ತಿಯಲ್ಲಿ 700 ಪ್ರಯಾಣಿಕರಿಗೆ ಜಾಗವಿದೆ. ಯಾವ ದ್ವೀಪಕ್ಕೆ ಹೋಗುತ್ತೀರಿ ಎನ್ನುವುದರ ಮೇಲೆ ಹದಿನಾಲ್ಕರಿಂದ ಇಪ್ಪತ್ತು ಗಂಟೆ ಹಿಡಿಯುತ್ತದೆ. ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆಯಾದ ಸ್ಪೋರ್ಟ್ಸ್ ಎಂಬುದು ಸಮುದ್ರಂ ಎಂಬ ಹೆಸರಿನ ಪ್ಯಾಕೇಜ್ ನಡೆಸುತ್ತದೆ. ರಾತ್ರಿ ಹಡಗಿನಲ್ಲೇ ನಿದ್ದೆ, ಹಗಲು ಒಂದೊಂದು ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಊಟ, ವಸತಿ, ದ್ವೀಪದೊಳಗಿನ ಓಡಾಟ ಎಲ್ಲವೂ ಸೇರಿರುವುದರಿಂದ ಲೆಕ್ಕ ಹಾಕುವುದು ಸುಲಭ. ಇಬ್ಬರ ಕೋಣೆಗೆ ದರ ಹೆಚ್ಚು, ನಾಲ್ವರ ಕೋಣೆಗೆ ಕಡಿಮೆ. ಎರಡು ಸಂಸಾರದವರೋ ನಾಲ್ವರು ಅಕ್ಕತಂಗಿಯರೋ ಜೊತೆಗೂಡಿ ನಾಲ್ವರ ಕೋಣೆ ಹಿಡಿದರೆ ಉಳಿತಾಯ ಚೆನ್ನಾಗಿಯೇ ಆಗುತ್ತದೆ.

ಹೊರಡುವವರು ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ದ್ವೀಪಗಳಿಗೆ ಹೋಗಲು ಪ್ರವೇಶ ಪರವಾನಗಿ ಬೇಕು. ಅದಕ್ಕೆ ಗುರುತಿನ ಚೀಟಿ, ಫೋಟೊಗಳ ಜೊತೆ ನಮ್ಮ ಪೊಲೀಸರಿಂದ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಸ್ಟೇಷನ್ನಿನಿಂದ ವಿಚಾರಣೆಗೆ ಬರುತ್ತಾರೆ, ಸಮಯ ಹಿಡಿಯುತ್ತದೆ. ಎರಡನೆಯದು ಇಳಿಯುವ ವಿಷಯ. ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ಎಷ್ಟೋ ಕಡೆ ದಡದವರೆಗೆ ಹೋಗಲಾರದು. ಆಗ ಕಡಲ ಮಧ್ಯದಲ್ಲೇ ಹಡಗಿನಿಂದ ಸಣ್ಣ ಬೋಟಿಗೆ ದಾಟಬೇಕು. ಅಲೆಗೆ ಬೋಟು ಮೇಲೆ ಕೆಳಗೆ ಆಡುತ್ತಿರುತ್ತದೆ; ಸಿಬ್ಬಂದಿ ಕೈಹಿಡಿದು ಇಳಿಸುತ್ತಾರೆ. ಗಟ್ಟಿಮುಟ್ಟಾದವರಿಗೆ ಇದು ಕಷ್ಟವೇ ಅಲ್ಲ. ಮಂಡಿ ಬಗ್ಗದವರು, ತಲೆಸುತ್ತು ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ನಿರ್ಧರಿಸಬೇಕು. ಮೂರನೆಯದಾಗಿ, ಹಡಗುಗಳನ್ನು ಆಗಾಗ ರಿಪೇರಿಗೆ ಒಯ್ಯುತ್ತಾರೆ; ಆಗ ಪ್ಯಾಕೇಜ್ ನಿಂತಿರುತ್ತದೆ. ಮುಂಗಾರಿನಲ್ಲಂತೂ ಆ ಕಡಲು ಪ್ರವಾಸಿಗರಿಗೆ ತಕ್ಕದ್ದಲ್ಲ. ಅಕ್ಟೋಬರಿನಿಂದ ಮೇ ಮೊದಲ ವಾರಗಳವರೆಗೆ ಒಳ್ಳೆಯ ಕಾಲ.

ಮಂಗಳೂರಿನಿಂದಲೇ ಲಕ್ಷದ್ವೀಪಕ್ಕೆ ಪ್ರಯಾಣಿಕ ಹಡಗು ಬಿಡಬೇಕೆಂಬ ಬೇಡಿಕೆ ಹಳೆಯದು. 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ದ್ವೀಪಗಳಿಂದ ಪ್ರಯಾಣಿಕರನ್ನು ಹೊತ್ತು ಪ್ರಾಯೋಗಿಕವಾಗಿ ಮಂಗಳೂರಿನ ಹಳೆ ಬಂದರಿಗೆ ಬಂದಿತ್ತು. ಈ ಹಾದಿ ನಿಯಮಿತವಾಗಬೇಕು. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ಅವರ ಪ್ರವಾಸಿಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಹೋಗುತ್ತಾರೆ, ಅದು ಸಂತೋಷ. ಆದರೆ ನಮ್ಮ ರಾಜ್ಯದ ಬಂದರಿನಿಂದ ನಮ್ಮ ಜನರೇ ಹಡಗು ಹತ್ತುವಂತಾಗಬೇಕೆಂದು ನಾನು ಆಸೆಪಡುತ್ತೇನೆ, ಸರ್ಕಾರವನ್ನು ಕೇಳುತ್ತೇನೆ.

ಇನ್ನು ನಿಜವಾದ ಕ್ರೂಸ್ ಹಡಗಿನ ವಿಷಯ. ಈಜುಕೊಳ, ನಾಟಕಶಾಲೆ, ನಾಲ್ಕಾರು ಊಟದ ಮನೆಗಳಿರುವ ತೇಲುವ ಹೋಟೆಲು. ನಮ್ಮ ದೇಶದ ಬಂದರುಗಳಿಂದಲೇ ಹೊರಡುವಂಥದ್ದರಲ್ಲಿ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹೆಸರಾದದ್ದು. 1990ರಲ್ಲಿ ಕಟ್ಟಿದ ಈ ಹಡಗು ಮೊದಲು ಅಮೆರಿಕದ ಕಂಪನಿಯೊಂದರಲ್ಲಿತ್ತು. 2021ರ ಸೆಪ್ಟೆಂಬರಿನಿಂದ ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಓಡಾಡತೊಡಗಿತು. ನಮ್ಮ ರೈಲ್ವೆಯ ಐಆರ್‌ಸಿಟಿಸಿಯೂ ಇದರ ಟಿಕೆಟ್ ಮಾರಲು ಒಪ್ಪಂದ ಮಾಡಿಕೊಂಡಿತು. 2022ರ ಜೂನಿನಲ್ಲಿ ಚೆನ್ನೈನಿಂದಲೂ ಹೊರಟಿತು. ಚೆನ್ನೈನಿಂದ ಹೊರಡುವ ತಿಂಗಳುಗಳಲ್ಲಿ ನಮಗೆ ಅನುಕೂಲ ಹೆಚ್ಚು. ಮೈಸೂರಿನಲ್ಲಿ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಚೆನ್ನೈ. ಮುಂಬೈಗೆ ಹೋಗಿ ಬರುವ ಖರ್ಚಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ಇಲ್ಲಿ ಜಾಹೀರಾತನ್ನು ಓದುವ ಕಲೆ ಬೇಕು. ಮೂರು ರಾತ್ರಿಗೆ ಒಬ್ಬರಿಗೆ 20,000 ರೂಪಾಯಿ ಎಂದು ಒಂದು ಜಾಹೀರಾತು ಹೇಳುತ್ತದೆ ಎಂದುಕೊಳ್ಳೋಣ. ಲೆಕ್ಕಕ್ಕಾಗಿ ಹೇಳುತ್ತಿರುವ ಅಂಕಿ ಇದು. ಒಬ್ಬರಿಗೆ ಎಂದರೆ, ಒಂದು ಕೋಣೆಯಲ್ಲಿ ಇಬ್ಬರು ಇದ್ದಾಗ ಒಬ್ಬರ ಪಾಲು. ಒಂಟಿಯಾಗಿ ಹೋದರೆ ಬಹುಪಾಲು ಎರಡೂ ಪಾಲನ್ನು ಒಬ್ಬರೇ ಕೊಡಬೇಕಾಗುತ್ತದೆ. ಗಂಡ ತೀರಿಕೊಂಡ ಹೆಣ್ಣುಮಕ್ಕಳು, ನಿವೃತ್ತರಾದ ಟೀಚರುಗಳು ಇದನ್ನು ಕೇಳಿಯೇ ಹಿಂದೆ ಸರಿಯುತ್ತಾರೆ. ಸರಿಯಬೇಡಿ, ಜೊತೆಗಾರ್ತಿಯನ್ನು ಹುಡುಕಿಕೊಳ್ಳಿ; ಸಂಘದಲ್ಲಿ, ನೆಂಟರಲ್ಲಿ, ಹಳೆಯ ಸಹೋದ್ಯೋಗಿಗಳಲ್ಲಿ ಸಿಕ್ಕೇ ಸಿಗುತ್ತಾರೆ. ಇಬ್ಬರಿಗೆ 40,000 ಆಯಿತು. ಅದರ ಮೇಲೆ ಬಂದರು ಶುಲ್ಕ, ಹಡಗಿನ ಸಿಬ್ಬಂದಿಗೆಂದು ಹಿಡಿಯುವ ಸೇವಾ ಕಾಣಿಕೆ, ಜಿಎಸ್‌ಟಿ. ಆಮೇಲೆ ಊರಿನಿಂದ ಬಂದರಿಗೆ ರೈಲು, ಆಟೊ, ಹಿಂದಿನ ರಾತ್ರಿಯ ಲಾಡ್ಜು. ಹಡಗಿನೊಳಗೆ ವೈ-ಫೈ, ಕೆಲವು ವಿಶೇಷ ಹೋಟೆಲುಗಳ ಊಟ, ಪಾನೀಯ, ಫೋಟೊ, ದಡಕ್ಕಿಳಿದು ಊರು ಸುತ್ತುವ ಟೂರು, ಇವಕ್ಕೆಲ್ಲ ಬೇರೆ ದುಡ್ಡು. ಇದೆಲ್ಲವನ್ನೂ ಬರೆದು ಕೂಡಿದಾಗ ಬರುವುದೇ ನಿಜವಾದ ಬೆಲೆ. ಆ ಮೊತ್ತವನ್ನು ರಾತ್ರಿಗಳ ಲೆಕ್ಕಕ್ಕೆ ಭಾಗಿಸಿ ನೋಡಿ. ಒಂದು ಒಳ್ಳೆಯ ಹೋಟೆಲಿನಲ್ಲಿ ಉಳಿದು, ಮೂರು ಹೊತ್ತು ಉಂಡು, ಊರಿಂದೂರಿಗೆ ಟ್ಯಾಕ್ಸಿಯಲ್ಲಿ ಓಡಾಡುವ ಖರ್ಚಿನೊಡನೆ ಹೋಲಿಸಿ. ಎಷ್ಟೋ ಸಲ ಹಡಗೇ ಅಗ್ಗವಾಗಿ ಕಾಣುತ್ತದೆ. ಕೆಲವು ಸಲ ಕಾಣುವುದಿಲ್ಲ. ಕಾಣದಿದ್ದಾಗ ಬಿಟ್ಟುಬಿಡಿ.

ಕೋಣೆಗಳಲ್ಲಿ ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ, ಸೂಟ್ ಎಂಬ ದರ್ಜೆಗಳಿವೆ. ಒಳಕೋಣೆಯ ದರ ಎಲ್ಲಕ್ಕಿಂತ ಕಡಿಮೆ. ಊಟ ಒಂದೇ, ನಾಟಕ ಒಂದೇ, ಮೇಲಿನ ಡೆಕ್ಕಿನಲ್ಲಿ ನಿಂತು ನೋಡುವ ಸೂರ್ಯೋದಯವೂ ಒಂದೇ. ಮಲಗುವ ಜಾಗ ಮಾತ್ರ ಬೇರೆ. ಇನ್ನೊಂದು ಮಾತು, ಇದನ್ನು ಟಿಕೆಟ್ ಮಾರುವವರು ಹೇಳುವುದು ಕಡಿಮೆ: ಅಲೆಗೆ ಹಡಗು ತೂಗುವಾಗ ತುದಿಗಳಲ್ಲಿ, ಮೇಲಿನ ಅಂತಸ್ತುಗಳಲ್ಲಿ ಓಲಾಟ ಹೆಚ್ಚು, ಕೆಳ ಅಂತಸ್ತಿನ ನಡುಭಾಗದಲ್ಲಿ ಕಡಿಮೆ. ಅಗ್ಗದ ಕೋಣೆಗಳು ಬಹಳಷ್ಟು ಇರುವುದೂ ಕೆಳ ಅಂತಸ್ತುಗಳಲ್ಲೇ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಅಭ್ಯಾಸವಿದ್ದವರು ಬುಕ್ ಮಾಡುವಾಗ ಕೆಳ ಅಂತಸ್ತಿನ ನಡುಭಾಗದ ಕೋಣೆ ಕೊಡಿ ಎಂದು ಕೇಳಿ ಪಡೆಯಬೇಕು. ಊಟದ ಚಿಂತೆ ಬೇಡ, ಸಸ್ಯಾಹಾರಕ್ಕೆ ಕೊರತೆಯಿರುವುದಿಲ್ಲ.

ಬೆಲೆ ಏರಿಳಿಯುವ ಗುಟ್ಟನ್ನೂ ಹೇಳುತ್ತೇನೆ. ಸಂತೆ ಮುಗಿಯುವ ಹೊತ್ತಿಗೆ ಉಳಿದ ಸೊಪ್ಪನ್ನು ಬಂದಷ್ಟಕ್ಕೆ ಕೊಟ್ಟುಬಿಡುತ್ತಾರಲ್ಲ, ಹಡಗಿನ ಖಾಲಿ ಕೋಣೆಯೂ ಹಾಗೆಯೇ. ಹೊರಟ ಮೇಲೆ ಅದರಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ಕೋಣೆಯಲ್ಲಿ ಯಾರಾದರೂ ಇದ್ದರೆ ಹಡಗಿನೊಳಗೆ ಏನಾದರೂ ಕೊಂಡಾರು ಎಂಬ ಲೆಕ್ಕವೂ ಕಂಪನಿಗಿರುತ್ತದೆ. ಆದ್ದರಿಂದ ಕೊನೆಯ ವಾರಗಳಲ್ಲಿ ದರ ಬೀಳುವುದುಂಟು. ಆದರೆ ಅದು ಬಂದರಿನ ಊರಿನಲ್ಲೇ ಇರುವವರಿಗೆ ಅನುಕೂಲ. ನಂಜನಗೂಡಿನಿಂದ ಹೊರಡುವವರು ರೈಲಿನ ಟಿಕೆಟ್ ಮಾಡಿಸಬೇಕು, ಹಸುವಿಗೆ ಮೇವು ಹಾಕುವವರನ್ನು ಗೊತ್ತು ಮಾಡಬೇಕು. ನಮಗೆ ಹೊಂದುವುದು ಮುಂಚಿತ ಬುಕಿಂಗೇ. ದಸರಾ, ದೀಪಾವಳಿ, ಕ್ರಿಸ್‌ಮಸ್, ಬೇಸಗೆ ರಜೆಗಳಲ್ಲಿ ದರ ಏರುತ್ತದೆ. ಶಾಲೆಗಳು ನಡೆಯುವ ದಿನಗಳಲ್ಲಿ, ವಾರದ ನಡುವೆ ಹೊರಡುವ ಯಾನಗಳಲ್ಲಿ ಇಳಿಯುತ್ತದೆ. ಜನವರಿ ಕೊನೆ, ಫೆಬ್ರವರಿ ಎಂದರೆ ನಮ್ಮ ಕೊಯ್ಲು ಮುಗಿದಿರುತ್ತದೆ, ಕಡಲೂ ಶಾಂತವಾಗಿರುತ್ತದೆ, ದರವೂ ಇಳಿದಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಎಂಟು ಹತ್ತು ಕೋಣೆ ತುಂಬುವಷ್ಟು ಜನ ಒಟ್ಟಾಗಿ ಹೊರಟರೆ ಗುಂಪಿನ ದರ ಕೇಳಿ, ಕೇಳಿದವರಿಗೆ ಕೊಡುತ್ತಾರೆ. ಅಪ್ಪ ಅಮ್ಮನ ಕೋಣೆಯಲ್ಲೇ ಮೂರನೆಯ, ನಾಲ್ಕನೆಯವರಾಗಿ ಮಕ್ಕಳು ಮಲಗಿದರೆ ಅವರ ದರವೂ ಕಡಿಮೆ.

ಹೆಚ್ಚು ದಿನ ಬಿಡುವಿರುವ, ಕಷ್ಟಕ್ಕೆ ಅಂಜದ ಹುಡುಗರಿಗೆ ಇನ್ನೊಂದಿದೆ. ಚೆನ್ನೈನಿಂದ ಅಂಡಮಾನಿಗೆ ಸರ್ಕಾರಿ ಪ್ರಯಾಣಿಕ ಹಡಗು. ಸುಮಾರು 60 ಗಂಟೆಯ ಯಾನ. ಬಂಕ್ ಎಂಬ ದರ್ಜೆಯಲ್ಲಿ ದೊಡ್ಡ ಹಜಾರದಲ್ಲಿ ಸಾಲುಸಾಲು ಮಂಚಗಳು. ದರ ವಿಮಾನಕ್ಕಿಂತ ಬಹಳ ಕಡಿಮೆ. ಸೌಕರ್ಯ ನಿರೀಕ್ಷಿಸಬೇಡಿ. ವೇಳಾಪಟ್ಟಿ ಬಹಳ ಮೊದಲೇ ಪ್ರಕಟವಾಗುವುದಿಲ್ಲ, ಹೊರಡುವ ದಿನ ಬದಲಾಗುವುದೂ ಉಂಟು. ಹೋಗುವಾಗ ಹಡಗು, ಬರುವಾಗ ವಿಮಾನ ಎಂದು ಮಾಡಿಕೊಳ್ಳುವುದು ಜಾಣತನ.

ವಿದೇಶದ ಕ್ರೂಸುಗಳ ಬಗ್ಗೆ ಒಂದೆರಡೇ ಮಾತು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿ ಸಿಂಗಪುರಕ್ಕೇ ಮರಳುವ ಯಾನಗಳು ನಮ್ಮವರಲ್ಲಿ ಜನಪ್ರಿಯ. ಅವಕ್ಕೆ ಸಿಂಗಪುರದ ವೀಸಾ ಒಂದೇ ಸಲದ ಪ್ರವೇಶದ್ದಾಗಿದ್ದರೆ ಸಾಲದು, ಹಡಗಿನಿಂದ ಮರಳುವಾಗ ಮತ್ತೆ ಒಳಬರಬೇಕಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮ ತಂದೆತಾಯಂದಿರನ್ನು ಸಿಯಾಟಲ್‌ನಿಂದ ಅಲಾಸ್ಕಾ ಯಾನಕ್ಕೆ ಕರೆದೊಯ್ಯುತ್ತಾರೆ. ಆ ಹಡಗು ದಾರಿಯಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ. ವಿದೇಶಿ ಬಾವುಟದ ಹಡಗುಗಳು ಅಮೆರಿಕದ ಊರುಗಳ ನಡುವೆಯೇ ಓಡಾಡಬಾರದೆಂದು 1886ರಲ್ಲಿ ಮಾಡಿದ ಕಾನೂನು ಇದಕ್ಕೆ ಕಾರಣ. ಅಮೆರಿಕದ ವೀಸಾ ಇದೆಯೆಂದು ಸುಮ್ಮನಿರದೆ ಕೆನಡಾದ ನಿಯಮವನ್ನೂ ಮೊದಲೇ ವಿಚಾರಿಸಬೇಕು. ಇಲ್ಲಿಂದಲೇ ವಿದೇಶಿ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಅದನ್ನು ಹೊಂದಿಸಿಕೊಳ್ಳಬಹುದು. ರಸೀದಿ ಕಳೆದುಕೊಳ್ಳಬೇಡಿ.

ಮೋಸದ ವಿಷಯ ಹೇಳದೆ ಈ ಭಾಷಣ ಮುಗಿಸುವಂತಿಲ್ಲ. ಮಾಲಿನಲ್ಲಿ, ವಸ್ತುಪ್ರದರ್ಶನದಲ್ಲಿ ಹೆಸರು ಬರೆಸಿಕೊಂಡು, ನಿಮಗೆ ಬಹುಮಾನ ಬಂದಿದೆ, ಗಂಡಹೆಂಡತಿ ಇಬ್ಬರೂ ಬನ್ನಿ ಎಂದು ಕರೆಯುವವರಿದ್ದಾರೆ. ಗಂಟೆಗಟ್ಟಲೆ ಕೂರಿಸಿ, ವರ್ಷಕ್ಕೊಂದು ಕ್ರೂಸ್ ಉಚಿತ ಎಂದು ಹೇಳಿ, ಲಕ್ಷಗಟ್ಟಲೆಯ ಸದಸ್ಯತ್ವಕ್ಕೆ ಅಲ್ಲೇ ಸಹಿ ಹಾಕಿಸುತ್ತಾರೆ. ಎಷ್ಟೇ ಚೆಂದ ಮಾತಾಡಲಿ, ಅವತ್ತೇ ಸಹಿ ಹಾಕಬೇಡಿ. ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ಬುಕ್ ಮಾಡಬೇಡಿ. ಹಣವನ್ನು ಒಬ್ಬ ವ್ಯಕ್ತಿಯ ಫೋನ್ ನಂಬರಿಗೆ ಕಳಿಸದೆ ಕಂಪನಿಯ ಖಾತೆಗೇ ಕಟ್ಟಿ. ಏಜೆಂಟರ ಮೂಲಕ ಹೋಗುವುದಾದರೆ ಯಾವುದು ಸೇರಿದೆ, ಯಾವುದು ಸೇರಿಲ್ಲ, ರದ್ದು ಮಾಡಿದರೆ ಎಷ್ಟು ವಾಪಸು ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹಣ ಕಟ್ಟಿದ ಮೇಲೆ ಹಡಗಿನ ಕಂಪನಿಗೇ ಫೋನು ಮಾಡಿ, ಬುಕಿಂಗ್ ನಂಬರು ಹೇಳಿ, ನಿಮ್ಮ ಹೆಸರು ಅಲ್ಲಿದೆಯೇ ಎಂದು ಕೇಳಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915, ಕನ್ನಡದಲ್ಲೂ ಮಾತಾಡಬಹುದು.

ಮುಂದಿನ ಜನವರಿಗೆ ಹೊರಡಬೇಕೆಂದಿರುವವರು ದಸರಾ ಮುಗಿದ ಕೂಡಲೇ ಹಡಗುಗಳ ವೇಳಾಪಟ್ಟಿ ನೋಡಲು ಶುರುಮಾಡಿ. ಲಕ್ಷದ್ವೀಪಕ್ಕಾದರೆ ಪೊಲೀಸ್ ಪತ್ರದ ಅರ್ಜಿಯನ್ನು ಅಷ್ಟರಲ್ಲೇ ಹಾಕಿಬಿಡಿ. ಆಧಾರ್ ಕಾರ್ಡಿನಲ್ಲಿರುವ ಹೆಸರು, ಟಿಕೆಟ್ಟಿನಲ್ಲಿರುವ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ನಮ್ಮಲ್ಲಿ ಇನಿಷಿಯಲ್ಲು ಹಿಂದೆ ಮುಂದೆ ಆಗಿ ಬಾಗಿಲಿನಲ್ಲಿ ನಿಲ್ಲಿಸಿದ್ದುಂಟು. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ, ಆದ್ದರಿಂದ ಹಿಂದಿನ ದಿನವೇ ಬಂದರಿನ ಊರು ಸೇರಿ. ಕೊಚ್ಚಿಗೆ ಸ್ವಂತ ಗಾಡಿಯಲ್ಲಿ ಹೋಗುವವರು ಗಮನಿಸಬೇಕು: ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ನಂಜನಗೂಡನ್ನು ಬೆಳಗಿನ ಹೊತ್ತೇ ಬಿಟ್ಟರೆ, ವಯನಾಡಿನ ಘಾಟಿಯನ್ನು ಬೆಳಕಿನಲ್ಲೇ ಇಳಿದು, ಕಲ್ಲಿಕೋಟೆಯಲ್ಲಿ ಊಟ ಮಾಡಿ, ರಾತ್ರಿಗೆ ಕೊಚ್ಚಿ ತಲುಪಬಹುದು.